ಓದುಗರ ಪ್ರಶ್ನೆಗಳು: ಎಲ್ಲರೂ ತಿದ್ದುವ ವಿಶ್ವಕೋಶದಲ್ಲಿ ನ್ಯಾಯ ಯಾವುದು?

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಗಡಿನಾಡಿನ ಊರುಗಳು, ಕಲಾವಿದರು, ಕೃಷಿ, ಚರಿತ್ರೆ ಇವುಗಳ ಬಗ್ಗೆ ಅಲ್ಲಿ ಬರೆಯಲು ಮತ್ತು ತಿದ್ದಲು ಹೊರಟ ಓದುಗರು ನಮಗೆ ಕಳುಹಿಸಿದ ಪ್ರಶ್ನೆಗಳಲ್ಲಿ ಏಳನ್ನು ಆಯ್ದಿದ್ದೇವೆ. ಕಾಸರಗೋಡಿನಲ್ಲಿದ್ದುಕೊಂಡು ಹಲವು ವರ್ಷಗಳಿಂದ ಅಲ್ಲಿ ಸ್ವಯಂಸೇವಕರಾಗಿ ದುಡಿಯುತ್ತಿರುವವರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಬದಿಯಡ್ಕದ ಸಮೀಪದ ಶಾಲೆಯೊಂದರಲ್ಲಿ ಅಧ್ಯಾಪಕಿಯಾಗಿದ್ದು ನಿವೃತ್ತಳಾದವಳು. ನಮ್ಮ ಊರಿನ ಲೇಖನದಲ್ಲಿ ಶಾಲೆ ಆರಂಭವಾದ ಇಸವಿ ತಪ್ಪಾಗಿತ್ತು. ತಿದ್ದಿದೆ. ಒಂದು ಗಂಟೆಯೊಳಗೆ ಬೆಂಗಳೂರಿನ ಯಾರೋ ಒಬ್ಬರು ‘ಆಧಾರವಿಲ್ಲ’ ಎಂದು ಬರೆದು ನನ್ನ ತಿದ್ದುಪಡಿಯನ್ನು ತೆಗೆದುಹಾಕಿದರು. ಅದೇ ಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದ ನನಗಿಂತ ದೊಡ್ಡ ಆಧಾರ ಯಾವುದು? ಇದು ನ್ಯಾಯವೇ?

ಉತ್ತರ: ಟೀಚರ್, ತಾವು ಬರೆದ ಇಸವಿಯೇ ಸರಿಯಿರಬೇಕು ಎಂದು ನನಗೂ ಅನಿಸುತ್ತದೆ. ಆದರೂ ಅದನ್ನು ತೆಗೆದವರು ನಿಯಮವನ್ನು ಮೀರಿಲ್ಲ. ವಿಕಿಪೀಡಿಯದಲ್ಲಿ ಒಂದು ಸಾಲನ್ನು ಬರೆದವರು ಯಾರು, ಅವರಿಗೆ ಆ ವಿಷಯ ಎಷ್ಟು ಗೊತ್ತು ಎಂಬುದನ್ನು ಓದುವವರು ತಿಳಿಯುವ ದಾರಿಯಿಲ್ಲ. ನಾಳೆ ಅದೇ ಊರಿನ ಇನ್ನೊಬ್ಬರು ‘ನಾನೂ ಅಲ್ಲೇ ಕಲಿತವನು’ ಎಂದು ಹೇಳಿ ಬೇರೆ ಇಸವಿ ಬರೆದರೆ, ಇಬ್ಬರಲ್ಲಿ ಯಾರ ನೆನಪನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸಲು ಯಾರಿಗೂ ಅಧಿಕಾರವಿಲ್ಲ. ಹಾಗಾಗಿ ಬರೆದವರ ವಯಸ್ಸು, ಪದವಿ, ಅನುಭವ ಯಾವುದನ್ನೂ ನೋಡದೆ, ಈ ಮಾತು ಈಗಾಗಲೇ ನಂಬತಕ್ಕ ಎಡೆಯಲ್ಲಿ ಪ್ರಕಟವಾಗಿದೆಯೇ, ಸಂಶಯ ಬಂದ ಓದುಗ ಅದನ್ನು ಹುಡುಕಿ ನೋಡಬಹುದೇ ಎಂದಷ್ಟೇ ಕೇಳುತ್ತಾರೆ. ಪರಿಶೀಲನಾರ್ಹತೆ ಎಂಬ ಭಾರವಾದ ಪದದ ಅರ್ಥ ಇಷ್ಟೇ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಮೊದಲ ಮಗುವಿನ ಹೆಸರೂ ದಿನಾಂಕವೂ ಇರಬಹುದು, ಆದರೆ ಅದು ಕಪಾಟಿನೊಳಗಿನ ಕಾಗದ, ಪ್ರಕಟವಾದದ್ದಲ್ಲ. ಶತಮಾನೋತ್ಸವಕ್ಕೆಂದು ಸ್ಮರಣ ಸಂಚಿಕೆ ಅಚ್ಚಾಗಿದ್ದರೆ, ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ವರದಿ ಬಂದಿದ್ದರೆ, ಇಸವಿಯಂಥ ಸರಳ ಸಂಗತಿಗೆ ಅವು ಸಾಕು. ಸಂಚಿಕೆಯ ಹೆಸರು, ಪ್ರಕಟವಾದ ವರ್ಷ, ಪುಟ ಸಂಖ್ಯೆ ಸೇರಿಸಿ ಮತ್ತೆ ಬರೆಯಿರಿ, ಅದನ್ನು ತೆಗೆಯಲು ಯಾರಿಗೂ ಕಾರಣವಿರುವುದಿಲ್ಲ.

ಆದರೆ ಆ ಸ್ವಯಂಸೇವಕರು ಒಂದು ಕೆಲಸವನ್ನು ಬಿಟ್ಟರು. ನಿಮ್ಮ ಸದಸ್ಯ ಪುಟದ ಚರ್ಚೆಯಲ್ಲಿ ‘ಇದಕ್ಕೆ ಅಚ್ಚಾದ ಆಧಾರ ಇದೆಯೇ? ಇದ್ದರೆ ಹೀಗೆ ಸೇರಿಸಬಹುದು’ ಎಂದು ಎರಡು ಸಾಲು ಬರೆಯಬೇಕಿತ್ತು. ಜೊತೆಗೆ, ಮೊದಲಿದ್ದ ತಪ್ಪು ಇಸವಿಗೂ ಆಧಾರವಿಲ್ಲದಿದ್ದಲ್ಲಿ ಅದನ್ನೂ ತೆಗೆಯಬೇಕಿತ್ತು. ಹೊಸಬರ ಸಾಲಿಗೆ ಆಧಾರ ಕೇಳಿ, ಹಳಬರ ಸಾಲನ್ನು ಹಾಗೆಯೇ ಬಿಟ್ಟರೆ ಅದು ತಾರತಮ್ಯ. ಲೇಖನದ ಚರ್ಚೆ ಪುಟದಲ್ಲಿ ತಾವು ಇದನ್ನು ಕೇಳಲೇಬೇಕು, ಮತ್ತು ಕೇಳುವುದಕ್ಕೆ ಸಂಕೋಚ ಬೇಡ.

ಪ್ರಶ್ನೆ: ಅನಂತಪುರ ದೇವಸ್ಥಾನದ ಬಬಿಯಾ ‘ಸಸ್ಯಾಹಾರಿ ಮೊಸಳೆ’ ಎಂದು ಬರೆದದ್ದನ್ನು ಒಬ್ಬರು ಅಳಿಸಿದ್ದಾರೆ. ಊರಿಗೆ ಊರೇ ಕಂಡ ಸಂಗತಿಯಲ್ಲವೇ? (ಪ್ಲಸ್ ಟು ವಿದ್ಯಾರ್ಥಿ, ಕುಂಬಳೆ)

ಉತ್ತರ: ಬಬಿಯಾ ದೇವಸ್ಥಾನದ ಕೆರೆಯಲ್ಲಿದ್ದದ್ದು, ನೈವೇದ್ಯ ತಿನ್ನುತ್ತಿದ್ದದ್ದು, 2022ರ ಅಕ್ಟೋಬರ್‌ನಲ್ಲಿ ಸತ್ತಾಗ ಜನ ಸೇರಿ ಅಂತಿಮ ದರ್ಶನ ಪಡೆದದ್ದು ಇವೆಲ್ಲ ಪತ್ರಿಕೆಗಳಲ್ಲಿ ಬಂದಿವೆ, ಧೈರ್ಯವಾಗಿ ಬರೆಯಿರಿ. ಪ್ರಾಣಿಶಾಸ್ತ್ರದ ಪ್ರಕಾರ ಮೊಸಳೆ ಮಾಂಸಾಹಾರಿ. ಆದ್ದರಿಂದ ‘ಅದು ಸಸ್ಯಾಹಾರಿಯಾಗಿತ್ತು ಎಂದು ಭಕ್ತರು ನಂಬುತ್ತಾರೆ’ ಎಂಬ ರೂಪದಲ್ಲಿ ಆ ಮಾತು ಉಳಿಯಬೇಕು. ಅಳಿಸಿದವರೂ ಅವಸರ ಮಾಡಿದ್ದಾರೆ. ಊರಿನವರು ನಂಬುತ್ತಾರೆ ಎಂಬುದೂ ಒಂದು ಸಂಗತಿಯೇ, ಅದಕ್ಕೂ ಲೇಖನದಲ್ಲಿ ಜಾಗವಿದೆ.

ಪ್ರಶ್ನೆ: ನಾನು ಮಂಜೇಶ್ವರದವನು, ಕಾನೂನು ವಿದ್ಯಾರ್ಥಿ. ಕಾಸರಗೋಡು ಕೇರಳಕ್ಕೆ ಸೇರಿದ ಬಗೆಗಿನ ಸಾಲುಗಳನ್ನು ಎರಡೂ ಕಡೆಯವರು ಅಳಿಸುತ್ತಲೇ ಇರುತ್ತಾರೆ. ತಟಸ್ಥವಾಗಿ ಬರೆಯಬೇಕೆಂದರೆ ಇಬ್ಬರ ಮಾತನ್ನೂ ಸಮಸಮವಾಗಿ ಹಾಕಿಬಿಟ್ಟರೆ ಮುಗಿಯಿತೇ?

ಉತ್ತರ: ಮುಗಿಯುವುದಿಲ್ಲ. ಅರ್ಧ ಇವರಿಗೆ, ಅರ್ಧ ಅವರಿಗೆ ಎಂದು ಪಾಲು ಮಾಡುವುದು ಜಗಳ ಬಿಡಿಸುವ ಉಪಾಯ, ಅದರಿಂದ ಓದುಗನಿಗೆ ವಿಷಯ ತಿಳಿಯುವುದಿಲ್ಲ. ಮೊದಲು ಯಾರೂ ಅಲ್ಲಗಳೆಯದ ಸಂಗತಿಗಳನ್ನು ಕ್ರಮವಾಗಿ ಇಡಬೇಕು. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಬೇಕೆಂದು ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ವರದಿಯಲ್ಲಿ ಹೇಳಿತು, 1956ರ ನವೆಂಬರ್ 1ರಂದು ಅದು ಹಾಗೆಯೇ ಸೇರಿತು. 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗವನ್ನು ಕೇಂದ್ರ ಸರಕಾರ ನೇಮಿಸಿತು; 1967ರ ಅದರ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು; ಆ ಶಿಫಾರಸು ಜಾರಿಗೆ ಬರಲಿಲ್ಲ. ಕಾಸರಗೋಡು 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಯವರಂಥವರು ಕರ್ನಾಟಕದೊಂದಿಗಿನ ವಿಲೀನೀಕರಣಕ್ಕಾಗಿ ದೀರ್ಘ ಕಾಲ ಹೋರಾಡಿದ್ದು ದಾಖಲಾದ ಚರಿತ್ರೆ. ಇಷ್ಟನ್ನು ಬರೆಯಲು ಒಂದು ವಿಶೇಷಣವೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ವಿಶೇಷಣ ಬಂದಲ್ಲಿಂದ ತಕರಾರು ಶುರುವಾಗುತ್ತದೆ. ವರ್ಷಗಳ ಹಿಂದೆ ಇದೇ ವಿಷಯದ ಒಂದು ಪ್ಯಾರಾದಲ್ಲಿ ನಾನು ‘ದುರದೃಷ್ಟವಶಾತ್ ವರದಿ ಜಾರಿಯಾಗಲಿಲ್ಲ’ ಎಂದು ಬರೆದಿದ್ದೆ. ಕನ್ನಡ ಚೆನ್ನಾಗಿ ಓದಬಲ್ಲ, ಮನೆಯಲ್ಲಿ ಮಲಯಾಳ ಆಡುವ ಒಬ್ಬ ಸ್ವಯಂಸೇವಕರು ಉಳಿದ ಒಂದು ಅಕ್ಷರವನ್ನೂ ಮುಟ್ಟದೆ ಆ ಒಂದು ಪದವನ್ನಷ್ಟೇ ತೆಗೆದು, ಚರ್ಚೆ ಪುಟದಲ್ಲಿ ‘ಯಾರ ದುರದೃಷ್ಟ?’ ಎಂದು ಕೇಳಿದರು. ಆ ಹೊತ್ತು ನನಗೆ ಬೇಸರವಾದದ್ದು ನಿಜ, ಏಕೆಂದರೆ ಅದು ನನ್ನ ಹಿರಿಯರ ದುರದೃಷ್ಟವೇ ಆಗಿತ್ತು. ಆದರೆ ವಿಶ್ವಕೋಶ ನನ್ನ ಹಿರಿಯರ ದನಿಯಲ್ಲಿ ಮಾತನಾಡಬಾರದು. ಆ ನೋವನ್ನು ಬರೆಯಬೇಕೆಂದರೆ ಯಾರು, ಯಾವಾಗ, ಎಲ್ಲಿ ಅದನ್ನು ಹೇಳಿದರೆಂದು ಹೆಸರಿಸಿ ಬರೆಯಬೇಕು. ಹಾಗೆಯೇ ‘ಹೋರಾಟ ಕೆಲವೇ ಜನರದ್ದಾಗಿತ್ತು’ ಎಂದು ಬರೆಯುವವರೂ ಅದನ್ನು ಹೇಳಿದವರ ಹೆಸರನ್ನು ಕೊಡಬೇಕು. ‘ಜಾರಿಯಾಗದ ವರದಿಯ ಮಾತೇಕೆ’ ಎಂದು ಮಹಾಜನ್ ವರದಿಯ ಸಾಲನ್ನೇ ಅಳಿಸುವುದು ಕೂಡ ಇದೇ ಜಾತಿಯ ತಪ್ಪು.

ನಮ್ಮವರಿಗೂ ಒಂದು ಮಾತು ಹೇಳಬೇಕು. ಕಾಸರಗೋಡಿನ ಲೇಖನದಲ್ಲಿ ಮಹಾಜನ್ ವರದಿಯನ್ನು ಎತ್ತಿ ಹಿಡಿಯುವವರು, ಅದೇ ವರದಿ ನಿಪ್ಪಾಣಿ, ಖಾನಾಪುರಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದು ಹೇಳಿದ್ದನ್ನು ಆ ಊರುಗಳ ಲೇಖನಗಳಲ್ಲಿ ಮರೆಯಬಾರದು. ಬೆಳಗಾವಿಯನ್ನು ಕರ್ನಾಟಕದಲ್ಲೇ ಉಳಿಸಿದ್ದನ್ನು ಮಾತ್ರ ಬರೆದು ಉಳಿದದ್ದನ್ನು ಬಿಟ್ಟರೆ, ಬರೆದ ಸಾಲುಗಳೆಲ್ಲ ಸತ್ಯವೇ ಆಗಿದ್ದರೂ ಲೇಖನ ಸುಳ್ಳು ಹೇಳುತ್ತದೆ.

ಜನಗಣತಿಯ ಅಂಕಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಾಮಾನ್ಯವಾಗಿ ಉಲ್ಲೇಖವಾಗುವ ಗಣತಿಯ ಭಾಷಾವಾರು ಅಂಕಿ ಮಾತೃಭಾಷೆಯದು. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಟಿ, ಬ್ಯಾರಿ ಆಡುತ್ತ, ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡ ಪತ್ರಿಕೆ ಓದಿ, ಅರ್ಜಿಯನ್ನೂ ಕನ್ನಡದಲ್ಲೇ ಬರೆಯುವ ಕುಟುಂಬಗಳು ಎಷ್ಟೋ ಇವೆ. ಅವರು ಕನ್ನಡದ ಅಂಕಣದಲ್ಲಿ ಬರುವುದಿಲ್ಲ. ಹಾಗೆಂದು ಅಂಕಿಯನ್ನು ನಾವು ಹಿಗ್ಗಿಸುವಂತಿಲ್ಲ. ‘ಮಾತೃಭಾಷೆ ಕನ್ನಡ ಎಂದು ಹೇಳಿದವರು ಇಷ್ಟು’ ಎಂದು ಬರೆಯಬೇಕೇ ಹೊರತು ‘ಕನ್ನಡ ಬಲ್ಲವರು ಇಷ್ಟು’ ಎಂದಾಗಲಿ ‘ಕನ್ನಡಿಗರು ಇಷ್ಟೇ’ ಎಂದಾಗಲಿ ಬರೆಯಬಾರದು. ನನ್ನ ಅನುಭವದಲ್ಲಿ ಹೆಚ್ಚಿನ ವಾಗ್ವಾದಗಳು ಆಧಾರ ಇಲ್ಲದ್ದರಿಂದ ಹುಟ್ಟಿದವಲ್ಲ, ಇದ್ದ ಆಧಾರ ಹೇಳದ್ದನ್ನು ಅದರ ಬಾಯಲ್ಲಿ ಹೇಳಿಸಿದ್ದರಿಂದ ಹುಟ್ಟಿದವು.

ಊರಿನ ಹೆಸರುಗಳ ಜಗಳಕ್ಕೂ ಇದೇ ಅಳತೆ. ಕನ್ನಡ ಲೇಖನದಲ್ಲಿ ಕುಂಬಳೆ, ಮಂಜೇಶ್ವರ ಎಂದೇ ಶೀರ್ಷಿಕೆ ಇರಲಿ, ಮೊದಲ ವಾಕ್ಯದಲ್ಲಿ ಮಲಯಾಳದ ಕುಂಬಳ, ಮಂಜೇಶ್ವರಂ ಎಂಬ ರೂಪಗಳೂ ಇರಲಿ. ಮಲಯಾಳಿಗಳು ಮಂಗಳೂರನ್ನು ಮಂಗಲಾಪುರಂ ಎನ್ನುವುದು ಕೆಲವರಿಗೆ ಹಿಡಿಸುವುದಿಲ್ಲ, ಆದರೆ ನಾವು ಕೋಝಿಕ್ಕೋಡನ್ನು ಕಲ್ಲಿಕೋಟೆ ಎನ್ನುವಾಗ ಯಾರನ್ನು ಕೇಳಿದ್ದೇವೆ? ಒಂದು ಭಾಷೆ ತನ್ನ ಬಾಯಿಗೆ ಒಗ್ಗುವಂತೆ ಊರನ್ನು ಕರೆಯುವುದು ಅಪಮಾನವಲ್ಲ. ಸರಕಾರಿ ಫಲಕದಲ್ಲಿ ಹೆಸರು ಬದಲಾದರೆ ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಆಧಾರ ಬೇಕು.

ಅಳಿಸುವ ಯುದ್ಧದ ಬಗ್ಗೆ: ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಗಳೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಇತರರ ತಿದ್ದುಪಡಿಯನ್ನು ರದ್ದು ಮಾಡುವವರಿಗೆ ನಿರ್ಬಂಧ ಬೀಳುತ್ತದೆ. ನನ್ನ ಸಲಹೆ ಅದಕ್ಕಿಂತ ಕಟುವಾದುದು. ಒಮ್ಮೆ ರದ್ದಾದರೆ ಎರಡನೆಯ ಬಾರಿ ಲೇಖನವನ್ನು ಮುಟ್ಟದೆ ಚರ್ಚೆ ಪುಟಕ್ಕೆ ಹೋಗಿ.

ಪ್ರಶ್ನೆ: ಯಂತ್ರಾನುವಾದದಿಂದ ಒಂದೇ ದಿನದಲ್ಲಿ ಹತ್ತು ಲೇಖನ ತಯಾರಿಸಬಹುದು. ಕನ್ನಡದಲ್ಲಿ ಲೇಖನಗಳ ಸಂಖ್ಯೆ ಕಡಿಮೆ ಎಂದು ಕೊರಗುವ ನೀವು ಇದನ್ನೇಕೆ ತಡೆಯುತ್ತೀರಿ? (ಓದುಗ, ಪೆರ್ಲ)

ಉತ್ತರ: ಯಂತ್ರವನ್ನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ, ವಿಕಿಪೀಡಿಯದ ಅನುವಾದ ಸಾಧನದಲ್ಲೇ ಅದು ಇದೆ. ಯಂತ್ರ ಕೊಟ್ಟದ್ದನ್ನು ತಿದ್ದದೆ ಪ್ರಕಟಿಸಲು ಹೊರಟರೆ ಆ ಸಾಧನವೇ ಎಚ್ಚರಿಸುತ್ತದೆ, ಕೆಲವೊಮ್ಮೆ ತಡೆಯುತ್ತದೆ. ತಡೆಯುವುದಕ್ಕೆ ಕಾರಣವನ್ನು ನಮ್ಮ ತೋಟದಿಂದಲೇ ಹೇಳುತ್ತೇನೆ.

ಅಡಿಕೆಯ ಕೊಳೆರೋಗದ ಬಗ್ಗೆ ಇಂಗ್ಲಿಷಿನಿಂದ ಇಳಿಸಿದ ಕರಡೊಂದನ್ನು ನಾನು ತಿದ್ದಬೇಕಾಯಿತು. ಅದರಲ್ಲಿ ‘ಹಣ್ಣು ಕೊಳೆತ’ ಎಂದಿತ್ತು. ಕೊಳೆರೋಗ ಎಂಬ ಪದ ಇಡೀ ಪುಟದಲ್ಲಿ ಇರಲಿಲ್ಲ, ಅದರ ಇನ್ನೊಂದು ಹೆಸರಾದ ಮಹಾಳಿ ಎಂಬುದೂ ಇರಲಿಲ್ಲ. ಎಂದರೆ, ಮಳೆಗಾಲದಲ್ಲಿ ಮರದಡಿ ಎಳೆಕಾಯಿ ಉದುರಿದ್ದನ್ನು ಕಂಡು ಫೋನಿನಲ್ಲಿ ‘ಕೊಳೆರೋಗ’ ಎಂದು ಹುಡುಕುವ ಕೃಷಿಕರಿಗೆ ಆ ಲೇಖನ ಸಿಗುವುದೇ ಇಲ್ಲ. ಮೈಲುತುತ್ತು ಎಂಬ ಪದದ ಜಾಗದಲ್ಲಿ ಕಾಪರ್ ಸಲ್ಫೇಟ್ ಎಂಬ ಇಂಗ್ಲಿಷಿನ ರಾಸಾಯನಿಕ ಹೆಸರು ಕನ್ನಡ ಲಿಪಿಯಲ್ಲಿ ಕುಳಿತಿತ್ತು. ಈ ರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಆ ಕರಡಿನಲ್ಲಿ ವಾಕ್ಯ ತಲೆಕೆಳಗಾಗಿ ಯಾವುದು ಎಷ್ಟೆಂದೇ ತಿಳಿಯುತ್ತಿರಲಿಲ್ಲ. ಮದ್ದು ಬಿಡುವವರು ಅದನ್ನು ನಂಬಿದ್ದರೆ? 1916ರಿಂದಲೂ ತೆಂಗಿನ ಸಂಶೋಧನೆ ನಡೆಯುತ್ತ ಬಂದ ಊರು ಇದು, ಇಂದಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ಇರುವುದು ಇಲ್ಲೇ. ಅಡಿಕೆ, ತೆಂಗುಗಳ ಬಗ್ಗೆ ಕನ್ನಡದಲ್ಲೇ ಅಚ್ಚಾದ ಕೈಪಿಡಿಗಳು ಸಿಗುತ್ತವೆ. ಅವುಗಳನ್ನು ಎದುರಿಟ್ಟುಕೊಂಡು ಒಂದು ಲೇಖನವನ್ನು ಒಂದು ವಾರ ತಿದ್ದಿದರೂ ಅದು ಹತ್ತು ಕರಡುಗಳಿಗಿಂತ ಹೆಚ್ಚು ಉಪಕಾರ ಮಾಡುತ್ತದೆ.

ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಆ ಭಾಷೆ ಬಾರದ ಅಮೆರಿಕದ ಹುಡುಗನೊಬ್ಬ ಒಳ್ಳೆಯ ಮನಸ್ಸಿನಿಂದಲೇ, ವರ್ಷಗಳ ಕಾಲ, 20 ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಸೃಷ್ಟಿಸಿದ್ದು 2020ರಲ್ಲಿ ಬೆಳಕಿಗೆ ಬಂತು. ಇಂಗ್ಲಿಷ್ ವಾಕ್ಯಗಳಲ್ಲಿ ಪದಗಳ ಕಾಗುಣಿತ ಬದಲಿಸಿದಂಥ ಭಾಷೆ ಅದಾಗಿತ್ತು. ಅದನ್ನು ಓದಿದ ಹೊರಗಿನವರು ಸ್ಕಾಟ್ಸ್ ಎಂದರೆ ಇಷ್ಟೇ ಎಂದುಕೊಂಡರೆ ಅದಕ್ಕೆ ಹೊಣೆ ಆ ಹುಡುಗ ಮಾತ್ರವೇ? ಅಷ್ಟು ವರ್ಷ ಅದನ್ನು ಓದಿ ನೋಡುವವರು ಸಾಕಷ್ಟು ಇರಲಿಲ್ಲ. ಕನ್ನಡದಲ್ಲಿಯೂ 2010ರ ಆಸುಪಾಸಿನಲ್ಲಿ ಅನುವಾದ ಸಾಧನ ಬಳಸಿ ಹಣ ಕೊಟ್ಟು ಮಾಡಿಸಿದ ಉದ್ದುದ್ದ ಲೇಖನಗಳು ಬಂದವು. ಅವುಗಳನ್ನು ಸರಿಪಡಿಸುವ ಕೆಲಸ ಸ್ವಯಂಸೇವಕರ ತಲೆಯ ಮೇಲೆ ಬಿತ್ತು, ಈಗಲೂ ಮುಗಿದಿಲ್ಲ.

ಪ್ರಶ್ನೆ: ನನ್ನ ಗುರುಗಳು ಯಕ್ಷಗಾನದ ಹಿರಿಯ ಕಲಾವಿದರು. ಅವರ ಬಗ್ಗೆ ನಾನೇ ಲೇಖನ ಬರೆಯಬಹುದೇ?

ಉತ್ತರ: ಬರೆಯಬಾರದೆಂಬ ನಿಷೇಧವಿಲ್ಲ, ಆದರೆ ಬರೆಯದಿರುವುದು ಲೇಸು. ಕರಡನ್ನು ಸಿದ್ಧಪಡಿಸಿ, ನಾನು ಅವರ ಶಿಷ್ಯ ಎಂದು ಮೊದಲೇ ಹೇಳಿ, ಅರಳಿ ಕಟ್ಟೆ ಎಂಬ, ವಿಕಿಪೀಡಿಯದ ಎಲ್ಲರೂ ಸೇರಿ ಚರ್ಚಿಸುವ ಪುಟದಲ್ಲಿ ಬೇರೆಯವರ ಮುಂದಿಡಿ. ಸಂಬಂಧವನ್ನು ಮುಚ್ಚಿಟ್ಟು ಬರೆದದ್ದು ನಂತರ ತಿಳಿದರೆ ಒಳ್ಳೆಯ ಭಾಗವೂ ಸಂಶಯಕ್ಕೆ ಗುರಿಯಾಗುತ್ತದೆ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಲೇಬೇಕೆಂಬುದು 2014ರಿಂದ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಬಳಕೆಯ ಷರತ್ತು. ಒಮ್ಮೆ ನಮ್ಮ ಭಾಗದ ಒಂದು ಸಂಘಟನೆಯವರು ತಮ್ಮ ಸಭೆಗಳ ವಿವರವನ್ನೆಲ್ಲ ಹೊಗಳಿಕೆಯೊಂದಿಗೆ ತುಂಬಿ, ‘ನಮ್ಮವರೇ ಆದ ನೀವು ಇದನ್ನು ಉಳಿಸಿಕೊಡಬೇಕು’ ಎಂದು ನನ್ನನ್ನು ಕೇಳಿದರು. ಉಳಿಸಿಕೊಡಲಿಲ್ಲ, ಆ ಸ್ನೇಹ ಹೋಯಿತು.

ನಿಮ್ಮ ಪ್ರಶ್ನೆಯ ಹಿಂದೆ ಇನ್ನೊಂದು ನೋವು ಇದೆ ಎಂದು ಊಹಿಸುತ್ತೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಊರೂರಿಗೂ ಭಾಗವತರು, ಅರ್ಥಧಾರಿಗಳು, ಭೂತ ಕಟ್ಟುವವರು, ಪಾಡ್ದನ ಎಂಬ ತುಳು ಕಥನಗೀತೆಗಳನ್ನು ಹೇಳುವ ತಾಯಂದಿರು ಇದ್ದರು. ಅವರಲ್ಲಿ ಹೆಚ್ಚಿನವರ ಬಗ್ಗೆ ಅಚ್ಚಿನಲ್ಲಿ ಒಂದು ಸಾಲೂ ಇಲ್ಲ. ಅಚ್ಚಾದದ್ದನ್ನು ಮಾತ್ರ ನಂಬುವ ನಿಯಮ ಅವರಿಗೆ ಅನ್ಯಾಯ ಮಾಡುತ್ತದೆ, ಇದನ್ನು ನಾನು ಒಪ್ಪಿಕೊಳ್ಳುತ್ತೇನೆ. 2011ರಲ್ಲಿ ಮಲಯಾಳ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಒಂದು ಭಾಷೆಯ ವಿಕಿಪೀಡಿಯಗಳಿಗಾಗಿ, ತಿಳಿದವರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ಆಧಾರವಾಗಿ ಕೊಡುವ ಪ್ರಯೋಗವೊಂದು ನಡೆಯಿತು. ಅದು ಎಲ್ಲೆಡೆ ಒಪ್ಪಿತವಾದ ಪದ್ಧತಿಯಾಗಿ ಬೆಳೆಯಲಿಲ್ಲ. ಹಾಗಾಗಿ ಸದ್ಯಕ್ಕೆ ದಾರಿ ಒಂದೇ. ಗುರುಗಳ ಸಂದರ್ಶನವನ್ನು ಮೊದಲು ಸಂಪಾದಕರಿರುವ ಪತ್ರಿಕೆಯಲ್ಲಿ ಪ್ರಕಟಿಸಿ. ಅವರು ಇರುವಾಗಲೇ ಆ ಕೆಲಸ ಆಗಲಿ.

ಪ್ರಶ್ನೆ: ನಿರ್ವಾಹಕರ ಮಾತೇ ಅಂತಿಮವೇ? (ಓದುಗ, ಮುಳ್ಳೇರಿಯ)

ಉತ್ತರ: ಅಲ್ಲ. ಪುಟ ಅಳಿಸುವ, ಸಂರಕ್ಷಿಸುವ, ಕಿಡಿಗೇಡಿಗಳನ್ನು ತಡೆಯುವ ಗುಂಡಿಗಳು ಅವರ ಕೈಯಲ್ಲಿವೆ, ಅಷ್ಟೇ. ಲೇಖನದಲ್ಲಿ ಏನಿರಬೇಕು ಎಂಬ ಚರ್ಚೆಯಲ್ಲಿ ಅವರದ್ದೂ ಒಂದು ದನಿ. ಆದರೆ ಚಿಕ್ಕ ಸಮುದಾಯದಲ್ಲಿ ಈ ಗೆರೆ ಬೇಗ ಮಸುಕಾಗುತ್ತದೆ. ಕ್ರೊಯೇಷಿಯನ್ ಭಾಷೆಯ ವಿಕಿಪೀಡಿಯವನ್ನು ಒಂದು ಸಣ್ಣ ಗುಂಪು ಸುಮಾರು ಒಂದು ದಶಕ ತನ್ನ ಹಿಡಿತದಲ್ಲಿಟ್ಟುಕೊಂಡು, ಎರಡನೆಯ ಮಹಾಯುದ್ಧದ ಕಾಲದ ಯಾಸೆನೊವಾಟ್ಸ್ ಯಾತನಾ ಶಿಬಿರದ ಕ್ರೌರ್ಯವನ್ನು ತಗ್ಗಿಸಿ ಬರೆದಿತ್ತು. ವಿಕಿಮೀಡಿಯ ಪ್ರತಿಷ್ಠಾನ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದರ ವಿವರವಿದೆ. ನಿಯಮಗಳು ಅಲ್ಲೂ ಇದ್ದವು, ಪ್ರಶ್ನಿಸಿದವರನ್ನೇ ಹೊರಗಟ್ಟಲಾಗಿತ್ತು. ಆದುದರಿಂದ ನಿರ್ವಾಹಕರ ನಡೆ ತಪ್ಪೆಂದು ಕಂಡರೆ ಅರಳಿ ಕಟ್ಟೆಯಲ್ಲಿ ಎಲ್ಲರಿಗೂ ಕಾಣುವಂತೆ, ಪ್ರತಿ ತಿದ್ದುಪಡಿಯೂ ದಾಖಲಾಗುವ ಇತಿಹಾಸ ಪುಟದಿಂದ ಆಯಾ ತಿದ್ದುಪಡಿಯನ್ನು ತೋರಿಸಿ, ವ್ಯಕ್ತಿಯ ಮಾತೆತ್ತದೆ ಕೇಳಿ. ಕನ್ನಡದಲ್ಲಿ ನಿಯಮಿತವಾಗಿ ದುಡಿಯುವವರು ಬೆರಳೆಣಿಕೆಯಷ್ಟು, ಕೇಳುವವರು ಹೆಚ್ಚಿದಷ್ಟು ನಿರ್ವಾಹಕರಿಗೂ ನೆಮ್ಮದಿ.

ಪ್ರಶ್ನೆ: ನಾನು ಕೊಟ್ಟ ಪತ್ರಿಕೆಯ ಕೊಂಡಿ ಎರಡೇ ವರ್ಷದಲ್ಲಿ ಸತ್ತುಹೋಯಿತು. ಈಗ ನನ್ನ ಸಾಲನ್ನೂ ತೆಗೆಯುತ್ತಾರೆಯೇ? (ಓದುಗಳು, ಉಪ್ಪಳ)

ಉತ್ತರ: ಕೊಂಡಿ ಸತ್ತ ಮಾತ್ರಕ್ಕೆ ಆಧಾರ ಸಾಯುವುದಿಲ್ಲ, ಅದಕ್ಕಾಗಿ ಸಾಲನ್ನು ತೆಗೆಯುವಂತಿಲ್ಲ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಹಳೆಯ ಪ್ರತಿ ಉಳಿದಿದೆಯೇ ನೋಡಿ, ಇದ್ದರೆ ಆ ವಿಳಾಸವನ್ನು ಸೇರಿಸಿ. ಮುಂದೆ ಬರೆಯುವಾಗ ಕೊಂಡಿ ಕೊಟ್ಟ ದಿನವೇ ಅಲ್ಲಿ ಒಂದು ಪ್ರತಿ ಉಳಿಸಿಬಿಡಿ. ಯುನಿಕೋಡ್ ಎಂಬ ಸಮಾನ ಅಕ್ಷರ ಸಂಕೇತ ಬಳಕೆಗೆ ಬರುವ ಮೊದಲಿನ ಕನ್ನಡ ಪತ್ರಿಕೆಗಳ ಜಾಲತಾಣಗಳು ತಮ್ಮದೇ ಅಕ್ಷರ ವಿನ್ಯಾಸ ಬಳಸುತ್ತಿದ್ದುದರಿಂದ, ಪುಟ ಸಿಕ್ಕಿದರೂ ಓದಲಾಗದ ಸಂದರ್ಭಗಳುಂಟು. ಆಗ ಗ್ರಂಥಾಲಯದ ಹಳೆಯ ಸಂಪುಟಗಳೇ ಗತಿ. ಪತ್ರಿಕೆಯ ಹೆಸರು, ಯಾವ ಊರಿನ ಆವೃತ್ತಿ, ದಿನಾಂಕ, ಪುಟ, ವರದಿಯ ಶೀರ್ಷಿಕೆ, ಇಷ್ಟು ಗುರುತು ಹಾಕಿಕೊಂಡು ಬನ್ನಿ. ಆವೃತ್ತಿಯನ್ನು ಮರೆಯಬೇಡಿ, ಏಕೆಂದರೆ ಕಾಸರಗೋಡಿನ ಸುದ್ದಿ ಮಂಗಳೂರು ಆವೃತ್ತಿಯಲ್ಲಿ ಬಂದಿದ್ದರೂ ಅದೇ ದಿನದ ಬೆಂಗಳೂರು ಆವೃತ್ತಿಯಲ್ಲಿ ಇಲ್ಲದಿರಬಹುದು. ಅಲ್ಲಿ ಹುಡುಕಿ ಕಾಣದವರು ನೀವು ಸುಳ್ಳು ಬರೆದಿದ್ದೀರಿ ಎಂದುಕೊಳ್ಳುತ್ತಾರೆ.